ಓದುಗರ ಪ್ರಶ್ನೆ: ಒರಗಿ ಕೂತು ತುಳಿಯುವ ಸೈಕಲ್

ಪ್ರಶ್ನೆ: ಸಾಮಾನ್ಯ ಸೈಕಲ್ ಚೆನ್ನಾಗಿ ಓಡಿಸುತ್ತೇನೆ. ರಿಕಂಬೆಂಟ್ ಹತ್ತಿದರೆ ಹತ್ತು ಮೀಟರ್ ಕೂಡ ನೆಟ್ಟಗೆ ಹೋಗಲಾಗದು, ಹ್ಯಾಂಡಲ್ ಅತ್ತಿತ್ತ ಹೊಯ್ದಾಡುತ್ತದೆ. ದೋಷ ಸೈಕಲ್ಲಿನದೇ?

ಉತ್ತರ: ಬಹುಪಾಲು ಅಲ್ಲ. ಆದರೂ ಎರಡು ಸಂಗತಿ ನೋಡಿಬಿಡಿ. ಮುಂಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ಎಲ್ಲೂ ತಡೆಯಬಾರದು. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಅತಿಯಾಗಿ ಬಿಗಿದಿದ್ದರೆ ಎಂಥ ನುರಿತವರ ಕೈಯಲ್ಲೂ ಸೈಕಲ್ ಹಾವಿನಂತೆ ಹರಿಯುತ್ತದೆ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಾದರೂ ತಿರುವು ಜಡವಾಗುತ್ತದೆ.

ಇವೆರಡೂ ಸರಿಯಿದ್ದರೆ ಕಾರಣ ನಿಮ್ಮ ಭುಜಗಳಲ್ಲಿದೆ. ಸಾಮಾನ್ಯ ಸೈಕಲ್ಲಿನಲ್ಲಿ ಸೊಂಟದ ಮೇಲಿನ ಮೈಯನ್ನು ವಾಲಿಸಿ ಅರ್ಧ ಸಮತೋಲ ಸಾಧಿಸುತ್ತೀರಿ, ಅದು ನಿಮ್ಮ ಗಮನಕ್ಕೂ ಬರುವುದಿಲ್ಲ. ಇಲ್ಲಿ ಬೆನ್ನು ಸೀಟಿಗೆ ಆತುಕೊಂಡಿರುತ್ತದೆ, ಆದ್ದರಿಂದ ಆ ಕೆಲಸವೂ ಹ್ಯಾಂಡಲ್ ಪಾಲಿಗೆ ಬರುತ್ತದೆ. ಬಿಗಿಹಿಡಿದ ಕೈ ಪ್ರತಿ ತುಳಿತಕ್ಕೂ ಅದನ್ನು ಎಳೆಯುತ್ತದೆ. ಸವಾರರು ಇದನ್ನು ‘ಪೆಡಲ್ ಸ್ಟಿಯರ್’ ಎನ್ನುತ್ತಾರೆ. ಹೆಬ್ಬೆರಳು ಮತ್ತು ಎರಡು ಬೆರಳಲ್ಲಷ್ಟೇ ಹಿಡಿಯಿರಿ, ಮೊಣಕೈ ಸಡಿಲ ಬಿಡಿ. ದೃಷ್ಟಿ ಪಾದದ ಮೇಲಲ್ಲ, 15–20 ಮೀಟರ್ ಮುಂದಿರಲಿ.

ಮೊದಲ ಪಾಠಕ್ಕೆ ಪೆಡಲ್ ಬೇಕಿಲ್ಲ. ವಾಹನ ಓಡಾಡದ, ತೀರಾ ಸಣ್ಣ ಇಳಿಜಾರು ಹುಡುಕಿ. ಎರಡೂ ಕಾಲು ಕೆಳಗಿಟ್ಟುಕೊಂಡು, ಬ್ರೇಕ್ ಸಡಿಲಿಸಿ, ನಡಿಗೆಯ ವೇಗದಲ್ಲಿ ಜಾರಿಕೊಂಡು ಹೋಗಿ. ಪಾದ ನೆಲಕ್ಕೆ ಊರದೆ ಕೆಳಗಿನ ತನಕ ತಲುಪುವಂತಾದ ಮೇಲೆ ಒಂದು ಕಾಲನ್ನು ಪೆಡಲ್ ಮೇಲೆ ಸುಮ್ಮನೆ ಇಡಿ, ಆಮೇಲೆ ಎರಡನ್ನೂ. ತುಳಿಯುವುದು ಕೊನೆಗೆ. ಸೀಟು ನೆಟ್ಟಗಿದ್ದಷ್ಟೂ ಆರಂಭ ಸುಲಭ. ಹೊಂದಿಸಲು ಬರುವಂತಿದ್ದರೆ 45 ಡಿಗ್ರಿಯ ಆಸುಪಾಸಿನಲ್ಲಿಟ್ಟು ಕಲಿಯಿರಿ.

ಪ್ರಶ್ನೆ: ಓಡುವಾಗ ತೊಂದರೆಯಿಲ್ಲ. ನಿಂತಲ್ಲಿಂದ ಹೊರಡುವುದೇ ಕಷ್ಟ. ಸಿಗ್ನಲ್ ಬಳಿ ಹಿಂದೆ ವಾಹನ ನಿಂತಿದ್ದರೆ ಎರಡು ಮೂರು ಸಲ ಕಾಲು ಊರಬೇಕಾಗುತ್ತದೆ.

ಉತ್ತರ: ಇದರಲ್ಲಿ ಸಮತೋಲಕ್ಕಿಂತ ಗಿಯರ್ ಪಾಲೇ ಹೆಚ್ಚು. ಭಾರದ ಗಿಯರ್‌ನಲ್ಲಿ ನಿಂತರೆ ಮೊದಲ ತುಳಿತಕ್ಕೆ ಚಕ್ರ ಕದಲುವುದಿಲ್ಲ. ತೀರಾ ಹಗುರವಾದರೆ ಕಾಲು ಗಿರಗಿರನೆ ತಿರುಗುತ್ತದೆ, ಸೈಕಲ್ ಮಾತ್ರ ವಾಲದೆ ಸಾಗುವಷ್ಟು ವೇಗ ಹಿಡಿಯುವುದಿಲ್ಲ. ಸಮತಟ್ಟು ರಸ್ತೆಗೆ ಪೆಡಲ್‌ನ ಒಂದು ಸುತ್ತಿಗೆ 2.5ರಿಂದ 3 ಮೀಟರ್ ಸಾಗುವ ಗಿಯರ್ ಒಳ್ಳೆಯದು: ಹಿಂಚಕ್ರ 26 ಇಂಚು, ಮುಂದೆ 39 ಹಲ್ಲು, ಹಿಂದೆ 28 ಹಲ್ಲು ಇದ್ದರೆ ಸುಮಾರು 2.8 ಮೀಟರ್ ಆಗುತ್ತದೆ. ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಇರುವ ಸೈಕಲ್ಲಿನಲ್ಲಿ ಚೈನ್ ಓಡುತ್ತಿರುವಾಗಷ್ಟೇ ಗಿಯರ್ ಬದಲಾಗುವುದರಿಂದ ನಿಲ್ಲುವ ಮೊದಲೇ ಇಳಿಸಿಕೊಳ್ಳಿ. ಮರೆತಿದ್ದರೆ ಹಿಂಚಕ್ರ ಎತ್ತಿ, ಪೆಡಲ್ ತಿರುಗಿಸಿ ಇಳಿಸಬೇಕಾದೀತು. ಸಿಗ್ನಲ್ಲಿನಲ್ಲಿ ಅದು ಮುಜುಗರದ ಕೆಲಸ.

ಬ್ರೇಕ್ ಹಿಡಿದುಕೊಂಡು ಬಲವಾದ ಕಾಲನ್ನು ಪೆಡಲ್‌ಗೆ ಇಡಿ. ಆ ಪೆಡಲ್ ಮೇಲ್ತುದಿಗಿಂತ ಕೊಂಚ ಹಿಂದೆ, ನಿಮ್ಮ ಕಡೆಗೆ ವಾಲಿರಲಿ. ಬೆನ್ನನ್ನು ಸೀಟಿಗೆ ಒತ್ತಿ, ಬ್ರೇಕ್ ಬಿಡುತ್ತಲೇ ಒಂದೇ ಬಲವಾದ ತುಳಿತ. ನೆಲದ ಕಾಲು ಸೈಕಲ್ ಕದಲಿದ ಮೇಲೆ ಎದ್ದರೆ ಸಾಕು, ಮೊದಲೇ ಎತ್ತಬೇಡಿ. ಸೀಟಿನಿಂದ ಮುಂದೆ ಬಾಗಿ ಹ್ಯಾಂಡಲ್ ಎಳೆದುಕೊಂಡು ತುಳಿಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಆಗ ಮುಂಚಕ್ರ ಓರೆಯಾಗಿ ಮತ್ತೆ ಕಾಲು ಊರಲೇಬೇಕು.

ಪಾದದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಓಡುವಾಗ ಕಾಲು ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ಸೈಕಲ್ ಮುಂದೆ ಹೋಗುತ್ತದೆ, ಕಾಲು ಸೀಟಿನಡಿಗೆ ಎಳೆದುಕೊಂಡು ಮಡಚುತ್ತದೆ. ಹರಡಿಗೂ ಮೊಣಕಾಲಿಗೂ ತೀವ್ರ ಪೆಟ್ಟಾಗಬಹುದು. ಕಲಿಯುವ ವೇಗದಲ್ಲಿ ಮೊಳೆ ಇರುವ ಅಗಲ ಪೆಡಲ್, ರಬ್ಬರ್ ತಳದ ಬೂಟು ಸಾಕು. ವೇಗ ಹೆಚ್ಚಿಸುವ ಹೊತ್ತಿಗೆ ಪಾದವನ್ನು ಹಿಡಿದಿಡುವ ಕ್ಲಿಪ್‌ಲೆಸ್ ಪೆಡಲ್ ಹಾಕಿ, ಸ್ಪ್ರಿಂಗ್ ಪೂರ್ತಿ ಸಡಿಲಿಸಿಡಿ. ಶಿಮಾನೊ ಎಸ್‌ಎಚ್56 ಕ್ಲೀಟ್ (ಬೂಟಿನ ತಳದಲ್ಲಿ ಕೂತು ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು) ಹಲವು ದಿಕ್ಕಿನಲ್ಲಿ ಬಿಡಿಸಿಕೊಳ್ಳುವುದರಿಂದ ಹೊಸಬರಿಗೆ ಅದೇ ಮೇಲು.

ಪ್ರಶ್ನೆ: ಅರ್ಧ ಗಂಟೆ ತುಳಿದರೆ ಮೊಣಕಾಲಿನ ಮುಂಭಾಗ ನೋಯುತ್ತದೆ.

ಉತ್ತರ: ಬೂಮ್, ಅಂದರೆ ಪೆಡಲ್‌ಗಳನ್ನು ಹೊತ್ತು ಮುಂದಕ್ಕೆ ಚಾಚಿರುವ ಕೊಳವೆ, ಗಿಡ್ಡವಾಗಿರಬಹುದು. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ಕೂತು, ದೂರ ಹೋದ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೆಟ್ಟಗಾಗಬೇಕು, ಸೊಂಟ ಓರೆಯಾಗಬಾರದು. ಪಾದದ ಮುಂಭಾಗದಿಂದ ತುಳಿದಾಗ ಬೇಕಾದಷ್ಟು ಮಡಿಕೆ ತಾನಾಗಿ ಬರುತ್ತದೆ. ಒಮ್ಮೆಗೆ 5 ಮಿಲಿಮೀಟರ್ ಮಾತ್ರ ಸರಿಸಿ. ಮೊಣಕಾಲಿನ ಹಿಂಭಾಗ ನೋಯತೊಡಗಿದರೆ ಬೂಮ್ ಉದ್ದವಾಯಿತು ಎಂದರ್ಥ.

ಬೂಮ್ 1 ಸೆಂಟಿಮೀಟರ್ ಹೊರಬಂದರೆ ಚೈನ್‌ಗೆ ಸುಮಾರು 2 ಸೆಂಟಿಮೀಟರ್ ಹೆಚ್ಚು ಉದ್ದ ಬೇಕು, ಏಕೆಂದರೆ ಚೈನ್ ಹೋಗುವ ದಾರಿ, ಬರುವ ದಾರಿ ಎರಡೂ ಹಿಗ್ಗುತ್ತವೆ. ಒಂದು ಜೋಡಿ ಕೊಂಡಿಯ ಉದ್ದ 2.54 ಸೆಂಟಿಮೀಟರ್. ಇದನ್ನು ಲೆಕ್ಕಿಸದೆ ಬೂಮ್ ಎಳೆದು, ಮುಂದೂ ಹಿಂದೂ ದೊಡ್ಡ ಹಲ್ಲುಚಕ್ರಕ್ಕೆ ಬದಲಿಸಿದರೆ ಹಿಂದಿನ ಡಿರೇಲರ್ ಕಿತ್ತುಕೊಂಡು ಬರಬಹುದು.

ಬೂಮ್ ಸರಿಯಿದ್ದೂ ನೋವಿದ್ದರೆ ನೀವು ಭಾರದ ಗಿಯರ್ ಒತ್ತುತ್ತಿದ್ದೀರಿ. ಬೆನ್ನಿಗೆ ಸೀಟಿನ ಆಸರೆ ಇರುವುದರಿಂದ ಇಲ್ಲಿ ಮೈತೂಕವನ್ನೂ ಮೀರಿದ ಬಲ ಹಾಕಲು ಆಗುತ್ತದೆ. ಮೊಣಕಾಲು ಅದರ ಲೆಕ್ಕ ತೀರಿಸುತ್ತದೆ. ನಿಮಿಷಕ್ಕೆ 80–90 ಸುತ್ತಿನ ಹಗುರ ತುಳಿತ ಅಭ್ಯಾಸ ಮಾಡಿಕೊಳ್ಳಿ. ಏರಿನಲ್ಲೂ ಇದೇ ಮಾತು: ಎದ್ದು ನಿಂತು ತುಳಿಯುವ ದಾರಿ ಇಲ್ಲಿಲ್ಲ, ಮೊದಲೇ ಗಿಯರ್ ಇಳಿಸಬೇಕು.

ಪ್ರಶ್ನೆ: ಇಷ್ಟು ವೇಗದ ಸೈಕಲ್ ಅಂತಾರಾಷ್ಟ್ರೀಯ ರೇಸುಗಳಲ್ಲಿ ಯಾಕೆ ಕಾಣುವುದಿಲ್ಲ?

ಉತ್ತರ: ವೇಗವೇ ಮುಳುವಾಯಿತು. 1933ರಲ್ಲಿ ಫ್ರಾನ್ಸಿಸ್ ಫೋರ್, ಶಾರ್ಲ್ ಮೊಶೆ ರೂಪಿಸಿದ ರಿಕಂಬೆಂಟ್‌ನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಸಾಗಿ, 1914ರಿಂದ ಉಳಿದಿದ್ದ ಆಸ್ಕರ್ ಎಗ್ ಅವರ ದಾಖಲೆ ಮೀರಿದರು. ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಂಥ ಸೈಕಲ್ಲುಗಳನ್ನು ತನ್ನ ಸ್ಪರ್ಧೆಗಳಿಂದ ಹೊರಗಿಟ್ಟಿತು.

ಪ್ರಶ್ನೆ: ಸಣ್ಣ ತಿರುವಿನಲ್ಲಿ ಹಿಮ್ಮಡಿ ಮುಂಚಕ್ರಕ್ಕೆ ತಾಗಿ ಬೀಳುವಂತಾಗುತ್ತದೆ.

ಉತ್ತರ: ಪೆಡಲ್ ಮುಂಚಕ್ರಕ್ಕಿಂತ ಮುಂದಿರುವ, ಗಿಡ್ಡ ಅಳತೆಯ ಮಾದರಿಗಳಲ್ಲಿ ಇದು ಸಹಜ. ಒಬ್ಬರು ಸೈಕಲ್ ಹಿಡಿದುಕೊಳ್ಳಲಿ. ನೀವು ಹ್ಯಾಂಡಲ್ ತಿರುಗಿಸಿ, ಪೆಡಲನ್ನು ಹಿಂದಕ್ಕೆ ನಿಧಾನ ಸುತ್ತಿ. ಯಾವ ಕಾಲು, ಯಾವ ಸ್ಥಾನದಲ್ಲಿ, ಎಷ್ಟು ತಿರುವಿಗೆ ತಾಗುತ್ತದೆಂದು ಗೊತ್ತಾಗುತ್ತದೆ. ಅಂಥ ತಿರುವಿಗೆ ಮೊದಲೇ ವೇಗ ಪಡೆದು, ತುಳಿತ ನಿಲ್ಲಿಸಿ, ಕಾಲನ್ನು ತಾಗದ ಸ್ಥಾನದಲ್ಲಿಟ್ಟು ತಿರುಗಿ. 170 ಮಿಲಿಮೀಟರ್ ಕ್ರ್ಯಾಂಕ್ (ಪೆಡಲ್ ಹೊತ್ತ ತೋಳು) ಬದಲು 155ರದ್ದು ಹಾಕಿದರೆ ತಾಗುವುದು ಕಡಿಮೆಯಾಗುತ್ತದೆ. ಹಾಗೆ ಬದಲಿಸಿದರೆ ಬೂಮನ್ನೂ 15 ಮಿಲಿಮೀಟರ್ ಹೊರಗೆ ಸರಿಸಿ, ಚೈನ್ ಉದ್ದ ಮತ್ತೆ ಅಳೆಯಿರಿ.