ಅಡುಗೆಮನೆ ಪ್ರಶ್ನೋತ್ತರ: ಹೂಕೋಸಿನ ನ್ಯೋಕ್ಕಿಗೆ ನೀರು ತೋರಿಸಬೇಡಿ

ಹೋದ ತಿಂಗಳು ಮಗಳ ಮನೆಯ ಚಳಿಗಾಲದ ಬಗ್ಗೆ ಬರೆಯುವಾಗ, "ಫ್ರೀಜರ್‌ನಿಂದ ತೆಗೆದ ಹೂಕೋಸಿನ ನ್ಯೋಕ್ಕಿಗೆ ಒಗ್ಗರಣೆ ಹಾಕಿ ತಿಂದೆವು" ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬಂದಷ್ಟು ಪತ್ರ ನನ್ನ ಮೈಸೂರು ಪಾಕಿನ ಲೇಖನಕ್ಕೂ ಬಂದಿರಲಿಲ್ಲ! ಅರ್ಧ ಪತ್ರ ಅಮೆರಿಕದಿಂದ, ಬರೀ ಗೋಳು. ಇನ್ನರ್ಧ ಊರಿನಿಂದ, ಅದೇನು ಪದಾರ್ಥ ಅಂತ ಕೇಳಿ. ಸ್ಪೆಲಿಂಗ್ ನೋಡಿ "ಗ್ನೋಚಿ" ಅಂತ ಬರೆದವರೂ ಇದ್ದಾರೆ. ಮಗಳು ತಿದ್ದುವ ತನಕ ನಾನೂ ಹಾಗೇ ಅನ್ನುತ್ತಿದ್ದೆ, ಸುಳ್ಳು ಯಾಕೆ.

ಗೊತ್ತಿಲ್ಲದವರಿಗೆ ಎರಡು ಮಾತು. ನ್ಯೋಕ್ಕಿ ಅಂದರೆ ಇಟಲಿಯವರ ಪುಟ್ಟ ಕಡುಬು. ಆಲೂಗಡ್ಡೆ ಬೇಯಿಸಿ, ಕಿವುಚಿ, ಮೈದಾ ಸೇರಿಸಿ ನಾದಿ, ಹೆಬ್ಬೆರಳಿನ ತುದಿಯಷ್ಟು ತುಂಡು ಮಾಡಿ ಕುದಿಯುವ ನೀರಿಗೆ ಹಾಕುತ್ತಾರೆ. ತೇಲಿದರೆ ಬೆಂದಿತು ಅಂತ ಅರ್ಥ. ಈಚೆಗೆ ಅಮೆರಿಕದ ಅಂಗಡಿಗಳ ಫ್ರೀಜರ್‌ನಲ್ಲಿ ಆಲೂಗಡ್ಡೆ ಬದಲು ಹೂಕೋಸು, ಮೈದಾ ಬದಲು ಮರಗೆಣಸಿನ ಹಿಟ್ಟು ಹಾಕಿ ಮಾಡಿದ್ದು ಸಿಗುತ್ತದೆ. ಸಿಹಿಗೆಣಸಿನದೂ ಇದೆ. ಈ ಸಲದ ಪತ್ರಗಳೆಲ್ಲ ಅದರ ಮೇಲೆಯೇ.

ಪ್ರಶ್ನೆ: ಅಕ್ಕಾ, ಪ್ಯಾಕೆಟ್ ಮೇಲೆ ಬರೆದ ಹಾಗೇ ಬಾಣಲೆಗೆ ಸ್ವಲ್ಪ ನೀರು ಹಾಕಿ, ಮುಚ್ಚಿ ಬೇಯಿಸಿ, ಆಮೇಲೆ ಎಣ್ಣೆ ಹಾಕಿದೆ. ಎಲ್ಲಾ ಒಂದಕ್ಕೊಂದು ಅಂಟಿಕೊಂಡು ಗೋಂದಿನ ಮುದ್ದೆ ಆಯ್ತು. ನಮ್ಮ ಯಜಮಾನರು "ಇದನ್ನ ನುಂಗಬೇಕಾ, ಅಗಿಯಬೇಕಾ?" ಅಂದರು. ಎಲ್ಲಿ ತಪ್ಪಿದೆ?
(ಓದುಗಿ, ಎಡಿಸನ್, ನ್ಯೂಜೆರ್ಸಿ)

ಉತ್ತರ: ನೀವು ತಪ್ಪಲಿಲ್ಲ, ಪ್ಯಾಕೆಟ್ ನಂಬಿದಿರಿ ಅಷ್ಟೇ. ನನ್ನ ಕಥೆ ಇನ್ನೂ ಚೆನ್ನಾಗಿದೆ. ಡಿಸೆಂಬರ್‌ನ ಒಂದು ಸಂಜೆ, ಮಗಳು ಆಫೀಸಿನ ಕಾಲ್‌ನಲ್ಲಿದ್ದಳು. ನಲವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಇದೇನು ಮಹಾ ಅಂತ ನಾನು ಪ್ಯಾಕೆಟ್ ಹೊರಗಿಟ್ಟು, ಐಸ್ ಪೂರ್ತಿ ಕರಗಲಿ ಅಂತ ಒಂದು ಗಂಟೆ ಬಿಟ್ಟು, ಆಮೇಲೆ ನೀರು ಹಾಕಿ ಬೇಯಿಸಿದೆ. ಸೌಟು ಹಾಕಿ ಎತ್ತಿದರೆ ಇಡೀ ಬಾಣಲೆಯೇ ಎದ್ದು ಬಂತು. ಮೊಮ್ಮಗ ತಟ್ಟೆ ನೋಡಿ "ಅಜ್ಜಿ, ಇದರಲ್ಲಿ ಆನೆ ಮಾಡಬಹುದಾ?" ಅಂದ. ಮಾಡಿದ ಕೂಡಾ.

ಯಾಕೆ ಹೀಗೆ ಅಂದರೆ, ಹೂಕೋಸಿನಲ್ಲಿ ನೂರಕ್ಕೆ ಸುಮಾರು 92 ಪಾಲು ಬರೀ ನೀರು. ಅದನ್ನು ಹಿಡಿದಿಟ್ಟಿರುವುದು ಮರಗೆಣಸಿನ ಹಿಟ್ಟು, ಜೊತೆಗೆ ಆಲೂಗಡ್ಡೆಯ ಸ್ಟಾರ್ಚ್. ಸಾಬಕ್ಕಿ ಪಾಯಸಕ್ಕೆ ಹಾಲು ಕಡಿಮೆ ಆದರೆ ಹೇಗೆ ಅಂಟಂಟಾಗಿ ತಳ ಹಿಡಿಯುತ್ತದೆ, ನೋಡಿದ್ದೀರಲ್ವಾ? ಸಾಬಕ್ಕಿಯೂ ಮರಗೆಣಸಿನದೇ. ಬಿಸಿ, ನೀರು ಎರಡೂ ಸಿಕ್ಕಿದರೆ ಅದು ಉಬ್ಬಿ ಗೋಂದಾಗುತ್ತದೆ. ಮೇಲಿಂದ, ಬಾಣಲೆಯಲ್ಲಿ ನೀರಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಏನೇ ಆದರೂ ಚೆನ್ನಾಗಿ ಕೆಂಪಗಾಗಿ ಗರಿಗರಿ ಆಗಬೇಕು ಅಂದರೆ 140ರ ಆಸುಪಾಸಾದರೂ ಬೇಕು. ಆದ್ದರಿಂದ ನೀರು ಬೇಡವೇ ಬೇಡ.

ಹೀಗೆ ಮಾಡಿ. ಕಬ್ಬಿಣದ ದೋಸೆ ಕಾವಲಿ ಅಥವಾ ಅಗಲ ಬಾಣಲೆ ಚೆನ್ನಾಗಿ ಕಾಯಲಿ. ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ನ್ಯೋಕ್ಕಿಯನ್ನು ಫ್ರೀಜರ್‌ನಿಂದ ನೇರವಾಗಿ, ಕಲ್ಲಿನಂತೆ ಗಟ್ಟಿ ಇರುವಾಗಲೇ, ಒಂದರ ಪಕ್ಕ ಒಂದು ಜೋಡಿಸಿ. ಒಂದರ ಮೇಲೊಂದು ಬೇಡ, ಜಾಗ ಸಾಲದಿದ್ದರೆ ಎರಡು ಸಲ ಮಾಡಿ. ಮಧ್ಯಮ ಉರಿ. ಮುಚ್ಚಳ ಬೇಡ. ಈಗ ಕಷ್ಟದ ಕೆಲಸ: ಕೈ ಕಟ್ಟಿಕೊಂಡು ನಿಲ್ಲೋದು. ಮೊದಲು ಚಟಪಟ ಸದ್ದು ಜೋರಾಗಿರುತ್ತದೆ, ಅದು ಮಂಜು ಹೋಗುವ ಸದ್ದು. ಐದಾರು ನಿಮಿಷಕ್ಕೆ ಸದ್ದು ಸಣ್ಣಗಾಗುತ್ತದೆ. ಆಗ ಮಗುಚುವ ಕೈಯಿಂದ ಒಂದನ್ನು ಮೆಲ್ಲಗೆ ತಳ್ಳಿ ನೋಡಿ. ಹಿಡಿದುಕೊಂಡಿದ್ದರೆ ಇನ್ನೂ ಆಗಿಲ್ಲ, ಎಬ್ಬಿಸಬೇಡಿ. ದೋಸೆ ಕಾವಲಿ ಬಿಡುತ್ತದಲ್ಲ, ಹಾಗೆ ತಾನಾಗಿ ಜಾರಿದರೆ ಆಯಿತು, ತಿರುವಿ ಹಾಕಿ ಇನ್ನೊಂದು ನಾಲ್ಕೈದು ನಿಮಿಷ.

ಏರ್ ಫ್ರೈಯರ್ ಇದ್ದವರು ಎಣ್ಣೆ ಸವರಿ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 12ರಿಂದ 15 ನಿಮಿಷ ಇಡಿ, ಮಧ್ಯೆ ಒಮ್ಮೆ ಅಲ್ಲಾಡಿಸಿ. ಓವನ್ ಆದರೆ 425ರಲ್ಲಿ 20-25 ನಿಮಿಷ. ಏರ್ ಫ್ರೈಯರ್‌ನದು ಸುಲಭ, ಆದರೆ ಸ್ವಲ್ಪ ಒಣ ಒಣ ಅನ್ನಿಸುತ್ತದೆ. ರುಚಿಯಲ್ಲಿ ಕಾವಲಿಗೇ ನನ್ನ ಓಟು.

ಪ್ರಶ್ನೆ: ನಾನು ಮನೆ ಸೇರೋದೇ ಆರೂವರೆಗೆ. ಮಕ್ಕಳಿಗೆ ಏಳಕ್ಕೆ ಊಟ ಆಗಬೇಕು. ಕ್ರೀಮು, ಚೀಸು ಸುರಿದ ಸಾಸ್ ನನಗಂತೂ ಸೇರಲ್ಲ. ನಮ್ಮ ನಾಲಿಗೆಗೆ ಹೊಂದೋ ಹಾಗೆ ಇದರಲ್ಲಿ ಒಂದು ಪೂರ್ತಿ ಊಟ ಆಗುತ್ತಾ?
(ಓದುಗಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಆಗುತ್ತೆ, ಆರಾಮಾಗಿ. ಇಟಲಿಯಲ್ಲಿ ನ್ಯೋಕ್ಕಿಗೆ ಬೆಣ್ಣೆ ಕಾಯಿಸಿ ಅದರಲ್ಲಿ ಸೇಜ್ ಎಲೆಯನ್ನು ಗರಿಗರಿ ಹುರಿದು ಸುರಿಯುವ ಒಂದು ಹಳೆಯ ಕ್ರಮ ಇದೆ. ಮಗಳು ಅದನ್ನು ಹೇಳಿದಾಗ ನನಗೆ ನಗು ಬಂತು. ಬಿಸಿ ಕೊಬ್ಬಿನಲ್ಲಿ ಎಲೆ ಸಿಡಿಸಿ ಮೇಲೆ ಸುರಿಯೋದಕ್ಕೆ ನಾವು ಒಗ್ಗರಣೆ ಅನ್ನೋದಲ್ವಾ? ಹಾಗಾಗಿ ನಾನು ಕರಿಬೇವು ಹಾಕಿದ್ದರಲ್ಲಿ ತಪ್ಪೇನೂ ಇಲ್ಲ.

ನಾವು ಮಾಡಿದ್ದು ಹೀಗೆ. ಒಂದು ಪ್ಯಾಕೆಟ್ ನ್ಯೋಕ್ಕಿ, ಅಂದರೆ ಸುಮಾರು 340 ಗ್ರಾಂ, ಇಬ್ಬರಿಗೆ ಸಾಕು, ಮಕ್ಕಳೂ ಇದ್ದರೆ ಎರಡು ತೆಗೆಯಿರಿ. ಕಾವಲಿಯಲ್ಲಿ ಅದು ಕೆಂಪಗಾಗುತ್ತಿರುವಾಗಲೇ ಅವರೆಕಾಳು ಬೇಯಲಿಕ್ಕಿಡಿ. ಇಂಡಿಯನ್ ಸ್ಟೋರ್‌ನ ಫ್ರೀಜರ್‌ನಲ್ಲಿ "ಸುರ್ತಿ ಪಾಪ್ಡಿ ಲಿಲ್ವಾ" ಅಂತ ಸಿಗುತ್ತದಲ್ಲ, ಅದು ನಮ್ಮ ಸೊಗಡಿನ ಅವರೆ ಅಲ್ಲ, ಆದರೆ ಅವರೆಯ ತಮ್ಮ ಅನ್ನಬಹುದು. ಒಂದು ಬಟ್ಟಲು ಕಾಳಿಗೆ ನೀರು, ಉಪ್ಪು ಹಾಕಿ ಮೆತ್ತಗಾಗುವ ತನಕ ಮೈಕ್ರೋವೇವ್‌ನಲ್ಲಿಟ್ಟರೆ ಆಯಿತು, ಒಲೆ ಬೇಕಿಲ್ಲ. ಅದೂ ಇಲ್ಲದಿದ್ದರೆ ಡಬ್ಬಿಯ ಕಾಬೂಲಿ ಕಡಲೆ ತೊಳೆದು ಹಾಕಿ.

ನ್ಯೋಕ್ಕಿ ತಟ್ಟೆಗೆ ತೆಗೆದ ಮೇಲೆ ಅದೇ ಕಾವಲಿಗೆ ಒಂದು ಚಮಚ ಬೆಣ್ಣೆ, ಒಂದು ಚಮಚ ಎಣ್ಣೆ. ಬರೀ ಬೆಣ್ಣೆ ಹಾಕಿದರೆ ಸೀದುಹೋಗುತ್ತೆ. ಸಾಸಿವೆ, ಉದ್ದಿನಬೇಳೆ, ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು, ಜಜ್ಜಿದ ಬೆಳ್ಳುಳ್ಳಿ ನಾಲ್ಕೈದು ಎಸಳು, ಕೈತುಂಬ ಕರಿಬೇವು. ಆಮೇಲೆ ಎರಡು ಹಿಡಿ ಪಾಲಕ್, ಬೆಂದ ಕಾಳು, ಉಪ್ಪು. ಸೊಪ್ಪು ಬಾಡಿ ನೀರು ಇಂಗಿದ ಮೇಲೆ, ಗಮನಿಸಿ, ನೀರು ಇಂಗಿದ ಮೇಲೆ, ನ್ಯೋಕ್ಕಿ ವಾಪಸ್ ಹಾಕಿ ಎರಡು ಸಲ ಮಗುಚಿ ಒಲೆ ಆರಿಸಿ. ನಿಂಬೆಹಣ್ಣು ಅರ್ಧ ಹೋಳು, ಕಾಯಿತುರಿ ಒಂದು ಹಿಡಿ. ಕೈ ಚುರುಕಿದ್ದರೆ ಇಪ್ಪತ್ತು ನಿಮಿಷದ ಕೆಲಸ.

ಮಕ್ಕಳಿಗೆ ಖಾರ ಬೇಡ ಅಂದರೆ ಅವರ ಪಾಲಿಗೆ ತುಪ್ಪ, ಶೇಂಗಾ ಚಟ್ನಿಪುಡಿ ಉದುರಿಸಿ ಕೊಡಿ. ಸಿಹಿಗೆಣಸಿನ ನ್ಯೋಕ್ಕಿಗೆ ಚಟ್ನಿಪುಡಿ ಇನ್ನೂ ಚೆನ್ನ, ಸಿಹಿ ಖಾರ ಎರಡೂ ಬರುತ್ತೆ.

ಪ್ರಶ್ನೆ: ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಹೂಕೋಸಿನದು ಅಂತ ಬರೆದಿದೆ, ಅನ್ನದ ಬದಲು ಎಷ್ಟು ಬೇಕಾದರೂ ಕೊಡಬಹುದು ಅಲ್ವಾ?
(ಓದುಗಿ, ಡಲ್ಲಾಸ್)

ಉತ್ತರ: ಇಲ್ಲ. ಪ್ಯಾಕೆಟ್ ಮುಂದೆ ಹೂಕೋಸಿನ ಚಿತ್ರ, ಹಿಂದೆ ತಿರುಗಿಸಿದರೆ ಮರಗೆಣಸು, ಆಲೂಗಡ್ಡೆ ಸ್ಟಾರ್ಚ್. ಇವೆರಡೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದು. ಹಿಂದಿನ ಪಟ್ಟಿಯಲ್ಲಿ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ, ಅದು ಎಷ್ಟು ಪ್ರಮಾಣಕ್ಕೆ ಅಂತ ಎರಡನ್ನೂ ಓದಿ. ಕಾಲು ತಟ್ಟೆ ನ್ಯೋಕ್ಕಿ, ಉಳಿದದ್ದು ಪಲ್ಯ, ಕಾಳು, ಮೊಸರು ಅಂತ ಬಡಿಸಿ. ಎರಡು ಗಂಟೆ ಬಿಟ್ಟು ಮೀಟರ್‌ನಲ್ಲಿ ನೋಡಿ, ಅವರ ಡಾಕ್ಟರ್‌ಗೂ ಒಂದು ಮಾತು ಹೇಳಿ.

ಪ್ರಶ್ನೆ: ನಾವು ಮೊಟ್ಟೆ ಕೂಡ ತಿನ್ನಲ್ಲ. ನ್ಯೋಕ್ಕಿ ತರಬಹುದಾ?
(ಓದುಗರು, ಚಿಕಾಗೋ ಹತ್ತಿರ)

ಉತ್ತರ: ಕೆಲವು ನ್ಯೋಕ್ಕಿಗೆ ಮೊಟ್ಟೆ ಹಾಕುತ್ತಾರೆ, ಕೆಲವಕ್ಕೆ ಇಲ್ಲ, ಓದಿಯೇ ತರಬೇಕು. ಅದಕ್ಕಿಂತ ಎಲ್ಲರೂ ಮರೆಯುವುದು ಮೇಲೆ ತುರಿಯುವ ಚೀಸ್. ಇಟಲಿಯ ಅಸಲಿ ಪಾರ್ಮಿಜಾನೋ ರೆಜ್ಜಾನೋ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಮ್ಮವರು ಎಷ್ಟೋ ಜನ ಗೊತ್ತಿಲ್ಲದೇ ಪಾಸ್ತಾ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆ. ನಿಮಗೆ ಅದು ನಡೆಯುವುದಿಲ್ಲ ಅಂದರೆ ವೆಜಿಟೇರಿಯನ್ ರೆನೆಟ್ ಅಂತ ಬರೆದಿರುವ ಚೀಸ್ ಹುಡುಕಿ. ಕಾಯಿತುರಿ ಹಾಕಿದರೆ ಈ ತಲೆನೋವೇ ಇಲ್ಲ.

ಪ್ರಶ್ನೆ: ಇಲ್ಲಿ ನಮ್ಮ ಕಡೆ ಅಂಗಡಿಯಲ್ಲಿ ಸಿಗಲಿಲ್ಲ ಮೇಡಂ. ಮನೆಯಲ್ಲೇ ಮಾಡಿ ಫ್ರೀಜರ್‌ನಲ್ಲಿ ಇಡಬಹುದಾ?
(ಓದುಗಿ, ಜಯನಗರ, ಬೆಂಗಳೂರು)

ಉತ್ತರ: ಇಡಬಹುದು, ಆದರೆ ಹೂಕೋಸಿನಿಂದ ಶುರು ಮಾಡಬೇಡಿ, ಅದರ ನೀರು ಹಿಂಡಿ ಹಿಂಡಿ ಕೈ ಸೋತುಹೋಗುತ್ತದೆ. ಸಿಹಿಗೆಣಸು ತಗೊಳ್ಳಿ. ಸಂಕ್ರಾಂತಿ ಹೊತ್ತಿಗೆ ಮಾರ್ಕೆಟ್‌ನಲ್ಲಿ ರಾಶಿ ರಾಶಿ ಇರುತ್ತಲ್ಲ, ಆಗ ಮಾಡಿ. ನೀರಲ್ಲಿ ಮುಳುಗಿಸಿ ಬೇಯಿಸಬೇಡಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿ. 300 ಗ್ರಾಂ ಬೆಂದ ಗೆಣಸನ್ನು ನಾರು ತೆಗೆದು ಕಿವುಚಿ, ಪೂರ್ತಿ ಆರಲಿ. ಬಿಸಿ ಇರುವಾಗ ಹಿಟ್ಟು ಹಾಕಿದರೆ ಅದು ಕುಡಿದುಕೊಳ್ಳುತ್ತಾ ಹೋಗುತ್ತದೆ, ನೀವು ಸುರಿಯುತ್ತಾ ಹೋಗುತ್ತೀರಿ, ಕೊನೆಗೆ ಚಪಾತಿ ಹಿಟ್ಟಾಗುತ್ತದೆ. ಉಪ್ಪು, ಸುಮಾರು 150 ಗ್ರಾಂ ಮೈದಾ, ಅದೂ ಒಂದೇ ಸಲ ಅಲ್ಲ. ಕೈಗೆ ಅಂಟದಷ್ಟಾದರೆ ನಿಲ್ಲಿಸಿ, ಜಾಸ್ತಿ ನಾದಬೇಡಿ. ಕೋಡುಬಳೆ ಹೊಸೆಯುವ ಹಾಗೆ, ಆದರೆ ಬೆರಳು ಗಾತ್ರಕ್ಕೆ ಹೊಸೆದು, ಕತ್ತರಿಸಿ, ಫೋರ್ಕ್ ಹಿಂಬದಿಯಲ್ಲಿ ಮೆಲ್ಲಗೆ ಒತ್ತಿ. ಆ ಗೆರೆಗಳಲ್ಲಿ ಒಗ್ಗರಣೆ ನಿಲ್ಲುತ್ತದೆ.

ಹಿಟ್ಟು ಉದುರಿಸಿದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರ್‌ನಲ್ಲಿಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಮೊದಲೇ ಚೀಲಕ್ಕೆ ಹಾಕಿದರೆ ಒಂದೇ ಉಂಡೆ. ಒಂದು ವ್ಯತ್ಯಾಸ ನೆನಪಿರಲಿ. ಇದರಲ್ಲಿ ಹಸಿ ಮೈದಾ ಇದೆ, ಆದ್ದರಿಂದ ಇದಕ್ಕೆ ಮಾತ್ರ ಕುದಿಯುವ ಉಪ್ಪುನೀರು ಬೇಕು. ತೇಲಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ತೆಗೆದು, ನೀರು ಸೋರಿಸಿ, ಆಮೇಲೆ ಕಾವಲಿಗೆ. ಶೀರ್ಷಿಕೆಯಲ್ಲಿ ನೀರು ಬೇಡ ಅಂದಿದ್ದು ಅಂಗಡಿಯ ಹೂಕೋಸಿನದಕ್ಕೆ, ಜಗಳಕ್ಕೆ ಬರಬೇಡಿ!

ಪ್ರಶ್ನೆ: ಅಕ್ಕಾರ, ಬಿಸಿ ರೊಟ್ಟಿ, ಪಲ್ಯ ಬಿಟ್ಟು ಫ್ರೀಜರ್‌ನ್ಯಾಗಿನ ಊಟದ ಬಗ್ಗೆ ಯಾಕ ಬರೀತೀರಿ? ಇಟಲಿಯವರು ನೋಡಿದರ ಅವರೂ ಬೈತಾರ.
(ಓದುಗರು, ಧಾರವಾಡ)

ಉತ್ತರ: ರೊಟ್ಟಿ ಬಿಡಿ ಅಂತ ನಾನೆಲ್ಲಿ ಅಂದೆ ಅಣ್ಣಾರ? ಹೊರಗೆ ಮೊಣಕಾಲುದ್ದ ಹಿಮ, ಆರೂವರೆಗೆ ಮನೆ ಸೇರಿದ ಹೆಣ್ಣುಮಗಳಿಗೆ "ಜೋಳದ ರೊಟ್ಟಿ ಬಡಿ" ಅಂತ ಹೇಳುವಷ್ಟು ಗಟ್ಟಿ ಎದೆ ನನಗಿಲ್ಲ. ನಿಮಗಿದ್ದರೆ ಬಡಿದು ಕೊಡಿ, ಆಕೆ ಬೇಡ ಅನ್ನಲ್ಲ.

ಇಟಲಿಯವರ ಮಾತಿಗೆ ಬಂದರೆ, ಅವರಿಗೆ ನ್ಯೋಕ್ಕಿ ಮೇಲೆ ಅಭಿಮಾನ ಇರೋದು ನಿಜ. ರೋಮ್‌ನಲ್ಲಿ ಗುರುವಾರ ಅಂದರೆ ನ್ಯೋಕ್ಕಿ ಅಂತ ಮಾತೇ ಇದೆ. ವೆರೋನಾದಲ್ಲಿ ಕಾರ್ನಿವಲ್ ಸಮಯದಲ್ಲಿ ಒಂದು ಶುಕ್ರವಾರ ನ್ಯೋಕ್ಕಿಗೇ ಮೀಸಲು, ಫೋರ್ಕಿಗೆ ಒಂದು ನ್ಯೋಕ್ಕಿ ಚುಚ್ಚಿಕೊಂಡವನ ಮೆರವಣಿಗೆ ಹೊರಡುತ್ತದೆ. ಆದರೆ ಆಲೂಗಡ್ಡೆ ಅವರದೇನಲ್ಲ. ದಕ್ಷಿಣ ಅಮೆರಿಕದಿಂದ ಯುರೋಪಿಗೆ ಅದು ಬಂದಿದ್ದೇ 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಹಿಟ್ಟು, ಬ್ರೆಡ್ಡಿನ ಪುಡಿಯಲ್ಲೇ ನ್ಯೋಕ್ಕಿ ಮಾಡಿಕೊಂಡಿದ್ದರು. ರೋಮ್‌ನವರು ಇವತ್ತಿಗೂ ರವೆಯಲ್ಲಿ ಒಂದು ಬಗೆ ಮಾಡುತ್ತಾರೆ. ಹೂಕೋಸು ಹಾಕಿದ್ದಕ್ಕೆ ಯಾರು ಯಾರನ್ನ ಬೈಬೇಕು, ನೀವೇ ಹೇಳಿ.

ಪ್ರಶ್ನೆ: ನೀವು ಬರೆದದ್ದು ಓದಿದರೆ ಇದು ನಮ್ಮ ಪುಂಡಿಯ, ಅಂದರೆ ಅಕ್ಕಿ ಉಂಡೆಯ ಕಡುಬಿನ ಹಾಗೇ ಉಂಟಲ್ಲ? ಬಸಳೆ ಗಸಿಗೆ, ಅಂದರೆ ಬಸಳೆ ಸೊಪ್ಪಿನ ಗಟ್ಟಿ ಸಾರಿಗೆ ಹಾಕಿ ತಿನ್ನಬಹುದಾ?
(ಓದುಗಿ, ಉಡುಪಿ)

ಉತ್ತರ: ರೂಪ ಹೌದು, ಗುಣ ಅಲ್ಲ. ಪುಂಡಿ ಅಕ್ಕಿಯದು, ಹಬೆಯಲ್ಲಿ ಬೆಂದು ಗಟ್ಟಿ ನಿಲ್ಲುತ್ತದೆ, ಗಸಿಯಲ್ಲಿ ನೆನೆದಷ್ಟೂ ರುಚಿ. ಹೂಕೋಸಿನ ನ್ಯೋಕ್ಕಿಗೆ ಆ ತಾಕತ್ತಿಲ್ಲ. ನಿಮ್ಮ ಹಾಗೇ ನನಗೂ ಆಸೆಯಾಗಿ ಒಮ್ಮೆ ಹಾಕಿ ನೋಡಿದೆ. ಹತ್ತು ನಿಮಿಷಕ್ಕೆ ಅಂಚೆಲ್ಲ ಬಿಟ್ಟು ಗಸಿಯೇ ಗಂಜಿಯಂತಾಯ್ತು. ಗಸಿ ಚೆನ್ನಾಗಿತ್ತು, ಕುಕ್ಕರ್‌ನಲ್ಲಿ ಅನ್ನಕ್ಕಿಟ್ಟೆವು.