‘ಮೊರಿಯಾರ್ಟಿ ದ ಪೇಟ್ರಿಯಟ್’ ಅನಿಮೆ ನೋಡಬಹುದಾ? ಶೆರ್ಲಾಕ್ ಹೋಮ್ಸ್ ಓದಿರಲೇಬೇಕಾ?

ಧಾರಾಳವಾಗಿ ನೋಡಿ. ಹೋಮ್ಸ್ ಕಥೆಗಳ ಖಳನಾಯಕ ಮೊರಿಯಾರ್ಟಿಯನ್ನೇ ನಾಯಕ ಮಾಡಿರುವ ಜಪಾನಿ ಕಾರ್ಟೂನ್ ಸರಣಿ (ಅನಿಮೆ) ಇದು. ಹೋಮ್ಸ್ ಕಥೆಗಳ ಒಂದು ಪುಟ ಓದಿರದಿದ್ದರೂ ತೊಂದರೆ ಇಲ್ಲ. ಆದರೆ ‘ಡೆತ್ ನೋಟ್ ತುಂಬಾ ಇಷ್ಟ ಆಗಿತ್ತು, ಇದೂ ಅದೇ ಥರಾನಾ? ಪತ್ತೇದಾರನಿಗೂ ಅಪರಾಧಿಗೂ ಬುದ್ಧಿಯ ಪೈಪೋಟಿನಾ?’ ಅಂತಲೂ ಕೇಳಿದ್ದೀರಿ (ಡೆತ್ ನೋಟ್ ಇನ್ನೊಂದು ಹೆಸರಾಂತ ಅನಿಮೆ). ಅದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ, ಸ್ವಲ್ಪ ಉದ್ದ ಬರೀತೀನಿ.

ಮೊದಲು ಬೇಕಾದಷ್ಟು ಮಾಹಿತಿ. ರ್ಯೋಸುಕೆ ತಾಕೆಉಚಿ ಹೆಣೆದು ಹಿಕಾರು ಮಿಯೋಶಿ ಚಿತ್ರ ಬರೆದ ಮಾಂಗಾ (ಜಪಾನಿ ಚಿತ್ರಕಥೆ) 2016ರಲ್ಲಿ ಶುರುವಾಯಿತು. ಅದನ್ನು ಪ್ರೊಡಕ್ಷನ್ ಐ.ಜಿ. ಸ್ಟುಡಿಯೋ ಅನಿಮೆ ಮಾಡಿತು, ನಿರ್ದೇಶಕ ಕಜುಯಾ ನೊಮುರಾ. 2020ರ ಅಕ್ಟೋಬರಿನಿಂದ 11 ಎಪಿಸೋಡು, 2021ರ ಏಪ್ರಿಲ್‌ನಿಂದ ಇನ್ನು 13. ಒಟ್ಟು 24, ಒಂದೇ ವಾರಾಂತ್ಯದಲ್ಲಿ ಮುಗಿಸಬಹುದು.

ಕಥೆ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದ ಬ್ರಿಟನ್ನಿನದು. ಮೊರಿಯಾರ್ಟಿ ಅನ್ನೋ ಶ್ರೀಮಂತ ಮನೆತನ ಇಬ್ಬರು ಅನಾಥ ಹುಡುಗರನ್ನು ತಂದು ಸಾಕಿಕೊಳ್ಳುತ್ತೆ. ಸಾಕುವುದು ಅಂದರೆ ಊರಿಗೆ ತೋರಿಸೋಕೆ; ಮನೆಯೊಳಗೆ ಅವರಿಗೆ ನಾಯಿಪಾಡು. ಮನೆಯ ಹಿರಿಯ ಮಗ ಆಲ್ಬರ್ಟ್‌ಗೆ ತನ್ನ ವರ್ಗದ ಜನರ ಮೇಲೇ ಹೇಸಿಗೆ. ಒಂದು ರಾತ್ರಿ ಬಂಗಲೆಗೆ ಬೆಂಕಿ ಬೀಳುತ್ತೆ. ಹೊರಗೆ ಬರೋರು ಮೂರೇ ಜನ: ಆಲ್ಬರ್ಟ್, ಅನಾಥ ಅಣ್ಣ, ಅನಾಥ ತಮ್ಮ. ಸತ್ತ ಎರಡನೇ ಮಗ ವಿಲಿಯಂನ ಹೆಸರು, ಗುರುತು, ಆಸ್ತಿಯ ಹಕ್ಕು ಎಲ್ಲ ಆ ಅಣ್ಣನದಾಗುತ್ತೆ. ಬೆಂಕಿಯಿಂದ ತಪ್ಪಿಸಿಕೊಂಡ ಕಥೆ ನಂಬುವ ಹಾಗಿರಲಿ ಅಂತ ತಮ್ಮ ಲೂಯಿಸ್ ತನ್ನ ಕೆನ್ನೆಯನ್ನು ತಾನೇ ಸುಟ್ಟುಕೊಳ್ಳುತ್ತಾನೆ. ಮುಂದೆ ಈ ವಿಲಿಯಂ ಡರ್ಹಮ್‌ನಲ್ಲಿ ಗಣಿತದ ಪ್ರೊಫೆಸರ್. ಹಗಲು ಪಾಠ, ಉಳಿದ ಹೊತ್ತಲ್ಲಿ, ಕಾನೂನು ಮುಟ್ಟದ ಶ್ರೀಮಂತರ ಮೇಲೆ ಸೇಡು ತೀರಿಸಿಕೊಳ್ಳಬೇಕಾದ ಬಡವರಿಗೆ ಕೊಲೆಯ ನಕ್ಷೆ ಹಾಕಿಕೊಡುವ ಕೆಲಸ.

ಹಾಗಾಗಿ ‘ಯಾರು ಕೊಂದರು’ ಅನ್ನೋ ಕುತೂಹಲ ಇಲ್ಲಿ ಇಲ್ಲವೇ ಇಲ್ಲ. ಕೊಂದವರು ಯಾರು ಅಂತ ನಮಗೆ ಮೊದಲೇ ಗೊತ್ತು. ನೋಡಬೇಕಾದದ್ದು ಬಲೆ ಹೇಗೆ ನೇಯುತ್ತಾರೆ ಅನ್ನೋದು. ಪತ್ತೇದಾರಿ ಕಥೆಯ ಮಜಾ ಹುಡುಕಿಕೊಂಡು ಕೂತರೆ ಮೊದಲ ಐದು ಎಪಿಸೋಡು ಸಪ್ಪೆ ಅನ್ನಿಸಬಹುದು, ಯಾಕಂದರೆ ಹೋಮ್ಸ್ ಇನ್ನೂ ಬಂದೇ ಇರಲ್ಲ.

ಅವನು ಬರೋದು ಆರನೆಯದರಲ್ಲಿ, ನೋವಾಟಿಕ್ ಅನ್ನೋ ಐಷಾರಾಮಿ ಹಡಗಿನಲ್ಲಿ. ನನ್ನ ಕೇಳಿದರೆ ಅನಿಮೆ ನಿಜವಾಗಿ ಶುರುವಾಗೋದೇ ಅಲ್ಲಿ. ಹಡಗಿನ ದೊಡ್ಡ ಮೆಟ್ಟಿಲ ಮುಂದೆ ವಿಲಿಯಂ ನಿಂತಿರುತ್ತಾನೆ. ಪಕ್ಕದಲ್ಲಿ ಕೂದಲು ಹಿಂದಕ್ಕೆ ಕಟ್ಟಿಕೊಂಡ, ಮಾತಿನಲ್ಲಿ ಒಂಚೂರೂ ನಯವಿಲ್ಲದ ಒಬ್ಬ ಯುವಕ ಬಂದು, ನೀವು ಗಣಿತಜ್ಞರು ಅಲ್ಲವೇ ಅಂತಾನೆ. ಮೆಟ್ಟಿಲನ್ನು ಎಲ್ಲರೂ ನೋಡುತ್ತಾರೆ. ಅದರ ಅಳತೆಯಲ್ಲಿ ಅಡಗಿರುವ ಸುವರ್ಣಾನುಪಾತವನ್ನು ನೋಡುವ ಕಣ್ಣು ಬೇರೆ. ಆ ಕಣ್ಣನ್ನು ಅವನು ಗುರುತಿಸಿದ್ದಾನೆ. ವಿಲಿಯಂ ನಗುತ್ತಾ, ಅದೇ ಧಾಟಿಯಲ್ಲಿ ಎದುರಿನವನ ಜಾತಕವನ್ನೂ ಬಿಚ್ಚಿಡುತ್ತಾನೆ. ಇಬ್ಬರಿಗೂ ಇಬ್ಬರ ಹೆಸರೂ ಗೊತ್ತಿಲ್ಲ. ಅದೇ ಹಡಗಿನಲ್ಲಿ ಎಂಡರ್ಸ್ ಅನ್ನೋ ಕೌಂಟ್ ಒಬ್ಬನಿದ್ದಾನೆ, ಮನುಷ್ಯರನ್ನು ಬೇಟೆಯಾಡುವುದು ಅವನ ಹವ್ಯಾಸ. ವಿಲಿಯಂ ಅವನನ್ನು ಕತ್ತಲೆಯಲ್ಲಿ ಮುಗಿಸಿಬಿಡಬಹುದಿತ್ತು. ಹಾಗೆ ಮಾಡಲ್ಲ. ಹಡಗಿನ ರಂಗಮಂದಿರದಲ್ಲಿ ಪ್ರದರ್ಶನ ನಡೆಯುವ ಹೊತ್ತಿಗೆ, ಪರದೆ ಸರಿದರೆ ಹೆಣದ ಜೊತೆ ಕೌಂಟ್ ಸಿಕ್ಕಿಬೀಳುವ ಹಾಗೆ ಎಲ್ಲ ಜೋಡಿಸಿರುತ್ತಾನೆ. ಸಭೆಯಲ್ಲಿ ಶ್ರೀಮಂತರೂ ಇದ್ದಾರೆ, ಸಾಮಾನ್ಯರೂ ಇದ್ದಾರೆ. ಇವನಿಗೆ ಬೇಕಾಗಿರೋದು ಬರೀ ಸಾವಲ್ಲ, ಪ್ರೇಕ್ಷಕರು. ತಾನೇ ನಾಟಕಕಾರ, ಲಂಡನ್ ರಂಗಸ್ಥಳ. ಆ ನಾಟಕಕ್ಕೆ ನಾಯಕನೊಬ್ಬ ಬೇಕಾಗಿದ್ದ, ಅವನು ಮೆಟ್ಟಿಲ ಹತ್ತಿರ ಸಿಕ್ಕಿದ.

ಇಲ್ಲಿಂದ ಮುಂದಕ್ಕೆ ಹೋಮ್ಸ್ ಕಥೆ ಗೊತ್ತಿದ್ದವರಿಗೆ ಒಂದು ಕೈ ಹೆಚ್ಚು ಸಿಗುತ್ತೆ. ಮೂಲದಲ್ಲಿ ಮೊರಿಯಾರ್ಟಿ ಅನ್ನೋನು ಹೆಚ್ಚುಕಡಿಮೆ ಖಾಲಿ ಜಾಗ. ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್‌ಗೆ ಹೋಮ್ಸ್ ಸಾಕಾಗಿ ಹೋಗಿದ್ದ, ಅವನನ್ನು ಮುಗಿಸೋಕೆ ಸರಿಸಮನಾದ ಒಬ್ಬ ಬೇಕಿತ್ತು. 1893ರ ಡಿಸೆಂಬರಿನಲ್ಲಿ ಅಚ್ಚಾದ ಒಂದು ಕಥೆಗಾಗಿ ಪ್ರೊಫೆಸರನನ್ನು ಹುಟ್ಟಿಸಿ, ಅದೇ ಕಥೆಯಲ್ಲಿ ಸ್ವಿಟ್ಜರ್ಲೆಂಡಿನ ಜಲಪಾತಕ್ಕೆ ಬೀಳಿಸಿದ. ಕಥೆ ಹೇಳುವ ವಾಟ್ಸನ್ ಅವನನ್ನು ಸರಿಯಾಗಿ ನೋಡುವುದೂ ಇಲ್ಲ: ರೈಲು ನಿಲ್ದಾಣದ ಗುಂಪಿನಲ್ಲಿ ನುಗ್ಗುತ್ತಿರುವ ಒಬ್ಬ ಎತ್ತರದ ಮನುಷ್ಯ, ಆಮೇಲೆ ಬೆಟ್ಟದ ದಾರಿಯಲ್ಲಿ ಒಂದು ಕಪ್ಪು ಆಕೃತಿ, ಅಷ್ಟೇ. ಉಳಿದದ್ದೆಲ್ಲ ಹೋಮ್ಸ್ ಬಾಯಿಂದ ಕೇಳಿದ ಮಾತು. ಅವನೊಬ್ಬನನ್ನೇ ನಂಬಬೇಕು. ಈ ಸಂದಿಯಲ್ಲೇ ಅನಿಮೆ ನುಗ್ಗಿದೆ.

ನುಗ್ಗುವಾಗ ಚಿಲ್ಲರೆ ಪಲ್ಲರೆ ವಿವರಗಳನ್ನೂ ಬಿಟ್ಟಿಲ್ಲ. ಡಾಯ್ಲ್ ಒಂದು ಕಥೆಯಲ್ಲಿ ಪ್ರೊಫೆಸರನ ಅಣ್ಣನೋ ತಮ್ಮನೋ ಆದ ಕರ್ನಲ್‌ಗೆ ಜೇಮ್ಸ್ ಮೊರಿಯಾರ್ಟಿ ಅಂತ ಹೆಸರಿಟ್ಟ. ಇನ್ನೊಂದರಲ್ಲಿ ಅದನ್ನು ಮರೆತು ಪ್ರೊಫೆಸರನಿಗೂ ಜೇಮ್ಸ್ ಅಂತಲೇ ಇಟ್ಟ. ಮತ್ತೊಂದು ಕಡೆ ಸ್ಟೇಷನ್ ಮಾಸ್ಟರ್ ಆಗಿರುವ ಕಿರಿಯ ತಮ್ಮನೊಬ್ಬನನ್ನೂ ತಂದ. ಓದುಗರು ನೂರು ವರ್ಷದಿಂದ ಇದನ್ನಿಟ್ಟುಕೊಂಡು ತಮಾಷೆ ಮಾಡುತ್ತಿದ್ದರೆ, ಮಾಂಗಾದವರು ಮೂವರು ಅಣ್ಣತಮ್ಮಂದಿರ ಹೆಸರಿನ ಮಧ್ಯಕ್ಕೂ ಜೇಮ್ಸ್ ಸೇರಿಸಿ ಕೈತೊಳೆದುಕೊಂಡರು. ಡಾಯ್ಲ್‌ನ ಪ್ರೊಫೆಸರ್ ಉಬ್ಬಿದ ಹಣೆ, ಗುಳಿಬಿದ್ದ ಕಣ್ಣು, ಹಾವಿನ ಹಾಗೆ ತಲೆ ಆಡಿಸುವ ಆಸಾಮಿ. ಇಲ್ಲಿ ಹೊಂಬಣ್ಣದ ಕೂದಲು, ಕೆಂಪು ಕಣ್ಣಿನ ಚೆಲುವ. ಇದಕ್ಕೆ ಮಾತ್ರ ಮೂಲದಲ್ಲಿ ಯಾವ ಆಧಾರವೂ ಇಲ್ಲ ಬಿಡಿ.

ನಮ್ಮವರಿಗೆ ಖುಷಿ ಕೊಡುವ ಒಂದು ವಿಷಯ: ಮೊರಿಯಾರ್ಟಿಯ ಬಲಗೈ ಸೆಬಾಸ್ಟಿಯನ್ ಮೊರಾನ್ ಇದ್ದಾನಲ್ಲ, ಡಾಯ್ಲ್ ಬರೆದ ಪ್ರಕಾರ ಅವನು ‘1ನೇ ಬೆಂಗಳೂರ್ ಪಯನಿಯರ್ಸ್’ ಪಡೆಯ ಮಾಜಿ ಕರ್ನಲ್. ಪಡೆ ಕಾಲ್ಪನಿಕ, ಆದರೆ ದಂಡು ಪ್ರದೇಶ ಇದ್ದ ಊರಿನ ಹೆಸರು ಲಂಡನ್ನಿನ ಓದುಗನಿಗೆ ನಂಬಿಕೆ ಹುಟ್ಟಿಸುತ್ತಿತ್ತು. ಹುಲಿ ಬೇಟೆಯಲ್ಲಿ ಎತ್ತಿದ ಕೈ, ಇಸ್ಪೀಟಿನಲ್ಲಿ ಮೋಸ, ವರ್ಷಕ್ಕೆ 6,000 ಪೌಂಡ್ ಸಂಬಳ. ಅದು ಪ್ರಧಾನಿಯ ಸಂಬಳಕ್ಕಿಂತ ಜಾಸ್ತಿ ಅಂತ ಹೋಮ್ಸ್ ಹೇಳುತ್ತಾನೆ. ಅನಿಮೆಯ ಮೊರಾನ್ ಅಷ್ಟು ಕೊಳಕನಲ್ಲ. ಒರಟ, ಕುಡುಕ, ಆದರೆ ವಿಲಿಯಂಗಾಗಿ ಪ್ರಾಣ ಕೊಡೋಕೂ ಸಿದ್ಧ. ಮೂಲದಲ್ಲಿ ಅವನ ಏರ್‌ಗನ್ ಮಾಡಿಕೊಟ್ಟ ಕುರುಡ ಜರ್ಮನ್ ಕುಶಲಕರ್ಮಿ ಹರ್ಡರ್ ಕೂಡ ಇಲ್ಲಿದ್ದಾನೆ. ಅಲ್ಲಿ ಬರೀ ಹೆಸರು, ಇಲ್ಲಿ ಆಳು.

ಈಗ ಡೆತ್ ನೋಟ್ ವಿಷಯ. ಮೇಲ್ನೋಟಕ್ಕೆ ಎರಡೂ ಒಂದೇ: ಬುದ್ಧಿವಂತ ಹುಡುಗ, ಕೆಟ್ಟವರನ್ನು ಕೊಂದು ಲೋಕ ತೊಳೆಯುವ ಹಂಬಲ, ಬೆನ್ನ ಹಿಂದೆ ಒಬ್ಬ ವಿಚಿತ್ರ ಪತ್ತೇದಾರ. ಆದರೆ ಡೆತ್ ನೋಟ್‌ನ ನಾಯಕ ಲೈಟ್ ಯಾಗಾಮಿ ಹೊಸ ಲೋಕಕ್ಕೆ ತಾನೇ ದೇವರಾಗಬೇಕು ಅಂದುಕೊಂಡವನು. ವಿಲಿಯಂ ಕೊಲ್ಲಬೇಕಾದವರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಬರೆದುಕೊಂಡು ಹೊರಟವನು. ಹೋಮ್ಸ್ ತನ್ನನ್ನು ಹಿಡಿಯಬಾರದು ಅಂತ ಅವನಿಗಿಲ್ಲ. ಸರಿಯಾದ ಹೊತ್ತಿಗೆ, ಎಲ್ಲರೆದುರು ಹಿಡಿಯಬೇಕು ಅಂತಿದೆ. ಹೀಗಾಗಿ ಇಬ್ಬರ ನಡುವೆ ದ್ವೇಷವೇ ಇಲ್ಲ. ಹೋಮ್ಸ್ ಅವನನ್ನು ಸಲುಗೆಯಿಂದ ‘ಲಿಯಮ್’ ಅಂತ ಕರೆಯುತ್ತಾನೆ. ಅಪರಾಧಗಳ ಹಿಂದಿರುವ ಆ ಕೈ ಇವನದ್ದೇ ಆಗಿರಲಿ ಅಂತ ಅವನ ಒಂದು ಮನಸ್ಸು ಬಯಸುತ್ತೆ, ಇನ್ನೊಂದು ಮನಸ್ಸು ಬೇಡ ಅನ್ನುತ್ತೆ. ರೈಲಿನ ಊಟದ ಬೋಗಿಯಲ್ಲಿ ಇಬ್ಬರೂ ಎದುರುಬದುರು ಕೂತು ಮಾತಾಡುವ ಎಪಿಸೋಡಿಗೆ ಬಂದಾಗ ನಾನು ಹೇಳಿದ್ದು ಗೊತ್ತಾಗುತ್ತೆ.

ಕೊರತೆ ಇಲ್ಲ ಅಂತಲ್ಲ. ಮೊದಲ ಅರ್ಧದ ಶ್ರೀಮಂತರೆಲ್ಲ ಕಂಪನಿ ನಾಟಕದ ಖಳನಾಯಕರು, ಮೀಸೆ ತಿರುವಿ ಗಹಗಹಿಸುವುದೊಂದು ಬಾಕಿ. ಅಷ್ಟು ನೀಚರನ್ನು ತೋರಿಸಿದರೆ ಕೊಲೆ ನಮ್ಮ ಮನಸ್ಸಿಗೆ ಚುಚ್ಚುವುದೇ ಇಲ್ಲ. ನಾಲ್ಕನೇ ಎಪಿಸೋಡಿನಲ್ಲಿ, ಜಮೀನ್ದಾರನ ದರ್ಪದಿಂದ ವೈದ್ಯ ಸಿಗದೆ ಮಗು ಕಳೆದುಕೊಂಡ ದಂಪತಿ ಬರುತ್ತಾರೆ. ಆಯುಧ ಒಂದು ಗ್ರೇಪ್‌ಫ್ರೂಟ್ ಕಡುಬು. ಹಣ್ಣು ಅವನ ಔಷಧಿಯ ಜೊತೆ ಸೇರಿ ವಿಷದ ಕೆಲಸ ಮಾಡುತ್ತೆ. ಉಪಾಯ ಚೆನ್ನಾಗಿದೆ, ವಿಜ್ಞಾನವೂ ಸುಳ್ಳಲ್ಲ. ಆದರೆ ಗ್ರೇಪ್‌ಫ್ರೂಟ್ ಕೆಲವು ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತೆ ಅನ್ನೋದು ವರದಿಯಾಗಿದ್ದೇ 1989ರಲ್ಲಿ. ಕೆನಡಾದ ಸಂಶೋಧಕರು ಒಂದು ರಕ್ತದೊತ್ತಡದ ಮಾತ್ರೆಯನ್ನು ಮದ್ಯದ ಜೊತೆ ಪರೀಕ್ಷಿಸುವಾಗ, ಮದ್ಯದ ರುಚಿ ಮರೆಮಾಚೋಕೆ ಆ ಹಣ್ಣಿನ ರಸ ಬಳಸಿದ್ದರು, ಹಾಗೆ ಆಕಸ್ಮಿಕವಾಗಿ ಬೆಳಕಿಗೆ ಬಂತು. ವಿಲಿಯಂ ನೂರು ವರ್ಷ ಮುಂಚೆ ತಿಳಿದುಕೊಂಡಿದ್ದ, ಜಾಣ!

ಈ ಕಪ್ಪುಬಿಳುಪು ಮುರಿಯೋದು ಎರಡನೇ ಭಾಗದ ವೈಟ್ಲಿ ಪ್ರಸಂಗದಲ್ಲಿ. (ಮುಂದಿನ ವಿಷಯ ಮೊದಲೇ ತಿಳಿಯೋದು ಬೇಡ ಅಂದರೆ ಈ ಪ್ಯಾರಾ ಬಿಟ್ಟು ಓದಿ.) ವೈಟ್ಲಿ ಸಂಸದ, ಸಾಮಾನ್ಯ ಜನರ ಹಕ್ಕುಗಳಿಗಾಗಿ ಪ್ರಾಮಾಣಿಕವಾಗಿ ಹೋರಾಡುವವನು. ಅವನು ಗೆದ್ದರೆ ವಿಲಿಯಂನ ರಕ್ತಪಾತಕ್ಕೆ ಅರ್ಥವೇ ಉಳಿಯಲ್ಲ, ವಿಲಿಯಂಗೂ ಅದೇ ಬೇಕು. ಆದರೆ ಬ್ಲಾಕ್‌ಮೇಲ್ ಮಾಡಿಯೇ ಬದುಕುವ ಮಿಲ್ವರ್ಟನ್ ಅವನ ತಮ್ಮನನ್ನೂ ಮನೆಯ ಆಳುಗಳನ್ನೂ ಕೊಲ್ಲಿಸುತ್ತಾನೆ. ಕೊಂದವನು ಮನೆಯ ಕಾವಲಿಗಿದ್ದ ಪೊಲೀಸ್, ಅದೂ ಬೆದರಿಕೆಗೆ ಸಿಕ್ಕಿ. ದುಃಖದ ಭರದಲ್ಲಿ ವೈಟ್ಲಿ ಆ ಪೊಲೀಸನನ್ನು ಕೊಂದುಬಿಡುತ್ತಾನೆ. ಒಂದು ಕ್ಷಣದಲ್ಲಿ ಲಂಡನ್ನಿನ ಆಶಾಕಿರಣ ಕೊಲೆಗಾರ. ಸುದ್ದಿ ಹೊರಬಿದ್ದರೆ ಅವನ ಜೊತೆ ಅವನ ಹೋರಾಟವೂ ಸಾಯುತ್ತೆ. ಆಗ ವಿಲಿಯಂ ಏನು ಮಾಡುತ್ತಾನೆ ಗೊತ್ತಾ? ಆ ಒಳ್ಳೆಯ ಮನುಷ್ಯನನ್ನು ತನ್ನ ಕೈಯಾರೆ ಕೊಂದು, ಮನೆಯ ಅಷ್ಟೂ ಹೆಣಗಳ ಲೆಕ್ಕವನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ವೈಟ್ಲಿ ಹುತಾತ್ಮ, ಇವನು ರಾಕ್ಷಸ. ಅಲ್ಲಿವರೆಗೆ ಅವನ ಕೊಲೆಗಳಿಗೆ ಚಪ್ಪಾಳೆ ತಟ್ಟುತ್ತಿದ್ದ ನಮಗೆ ಮೊದಲ ಸಲ ಕೈ ಮೇಲೇಳಲ್ಲ. ಇಡೀ ಅನಿಮೆಯಲ್ಲಿ ಇದಕ್ಕಿಂತ ಗಟ್ಟಿಯಾದ ಬರವಣಿಗೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಒಂದು ತಕರಾರು ಮಾತ್ರ ನನಗೆ ಕೊನೆವರೆಗೂ ಉಳಿಯಿತು. ಇಲ್ಲಿನ ಬಡವರು ಅಳುತ್ತಾರೆ, ಸಾಯುತ್ತಾರೆ, ಇಲ್ಲವೇ ಬುದ್ಧಿವಂತನೊಬ್ಬನ ಬಾಗಿಲು ತಟ್ಟುತ್ತಾರೆ. ತಾವಾಗಿ ಏನನ್ನೂ ಮಾಡಲ್ಲ. ಅನಿಮೆ 1888ರ ವೈಟ್‌ಚಾಪಲ್ ಕೊಲೆಗಳನ್ನೂ ತನ್ನ ಕಥೆಗೆ ಎಳೆದುಕೊಂಡು, ಕೊನೆಗೂ ಸಿಕ್ಕಿಬೀಳದ ಅದರ ಹಂತಕ ಜ್ಯಾಕ್ ದ ರಿಪ್ಪರ್‌ಗೆ ಹೊಸದೊಂದು ವಿವರಣೆ ಕೊಡುತ್ತೆ. ಆ ಕೊಲೆಗಳು ಶುರುವಾಗೋಕೆ ಕೆಲವೇ ವಾರ ಮುಂಚೆ, ಅದೇ ಪೂರ್ವ ಲಂಡನ್ನಿನ ಬ್ರೈಂಟ್ ಅಂಡ್ ಮೇ ಬೆಂಕಿಪೊಟ್ಟಣದ ಕಾರ್ಖಾನೆಯಿಂದ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಗೆ ಬಂದಿದ್ದರು. ದಂಡ ಹಾಕೋದು ನಿಲ್ಲಿಸಿ ಅಂತ ಮುಷ್ಕರ ಹೂಡಿ ಗೆದ್ದರು, ಸಂಘವನ್ನೂ ಕಟ್ಟಿದರು. ಮರುವರ್ಷ ಬಂದರಿನ ಕೂಲಿಗಳು ಗಂಟೆಗೆ ಆರು ಪೆನ್ನಿ ಕೂಲಿಗಾಗಿ ಹಡಗುಕಟ್ಟೆಗಳನ್ನೇ ನಿಲ್ಲಿಸಿ, ಪಡೆದೇ ತೀರಿದರು. ಯಾವ ಪ್ರೊಫೆಸರನೂ ಅವರಿಗೆ ನಕ್ಷೆ ಹಾಕಿಕೊಡಲಿಲ್ಲ. ಶ್ರೀಮಂತಿಕೆಯ ವಿರುದ್ಧ ಇಷ್ಟು ಕೋಪ ಇಟ್ಟುಕೊಂಡ ಅನಿಮೆ, ಬಿಡುಗಡೆ ಮಾಡಿಸೋಕೆ ಮಾತ್ರ ಕೋಟು ತೊಟ್ಟ ಒಬ್ಬ ಶ್ರೀಮಂತನನ್ನೇ ನೆಚ್ಚಿಕೊಂಡಿರೋದು ನನಗೆ ಸರಿ ಕಾಣಲಿಲ್ಲ. ಸಾಮ್ರಾಜ್ಯದ ದುಡ್ಡು ಎಲ್ಲಿಂದ ಬರುತ್ತಿತ್ತು ಅನ್ನೋ ಮಾತಿಗೂ ಅದು ಹೆಚ್ಚು ಕೈಹಾಕಲ್ಲ.

ಮಧ್ಯದಲ್ಲಿ ಗೂಢಚಾರರ ಭಾಗ ಒಂದಿದೆ. ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ6, ಜೇಮ್ಸ್ ಬಾಂಡ್ ಕಥೆಗಳ ಬಾಂಡ್, ಮನಿಪೆನ್ನಿ ಎಲ್ಲ ಬರುತ್ತಾರೆ. ಆ ಸಂಸ್ಥೆಯ ಮೂಲವೇ 1909ರದ್ದು, ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದು 1901ರಲ್ಲಿ. ತಲೆ ಕೆಡಿಸಿಕೊಳ್ಳದೆ ಮಜಾ ತಗೊಳ್ಳಿ, ಡಾಯ್ಲ್ ಕಥೆಯಲ್ಲಿ ಹೋಮ್ಸ್‌ಗೇ ಚಳ್ಳೆಹಣ್ಣು ತಿನ್ನಿಸಿದ ಐರೀನ್ ಆಡ್ಲರ್‌ಗೆ ಕೊಟ್ಟಿರುವ ತಿರುವಂತೂ ಭಲೇ ಇದೆ.

ಕೊನೆಯದಾಗಿ, ಓದಿಕೊಂಡೇ ನೋಡಬೇಕು ಅನ್ನಿಸಿದರೆ ಡಾಯ್ಲ್‌ನ ಮೂರು ಸಾಕು: ‘ಎ ಸ್ಟಡಿ ಇನ್ ಸ್ಕಾರ್ಲೆಟ್’, ‘ದ ಫೈನಲ್ ಪ್ರಾಬ್ಲಮ್’, ‘ದ ಎಂಪ್ಟಿ ಹೌಸ್’. ಮೊದಲನೆಯದನ್ನು ಎಂಟನೇ ಎಪಿಸೋಡಿಗೆ ಮುಂಚೆ ಮುಗಿಸಿ. ಮೂಲದಲ್ಲಿ ಗೋಡೆಯ ಮೇಲೆ ರಕ್ತದಲ್ಲಿ ಬರೆದಿರುವ ಪದದ ಜಾಗಕ್ಕೆ ಅನಿಮೆ ಬೇರೆ ಏನನ್ನು ಬರೆದಿದೆ ಅಂತ ನೋಡಿದ ತಕ್ಷಣ ಎದ್ದು ಕೂರುತ್ತೀರಿ. ಉಳಿದೆರಡನ್ನು ಕೊನೆಯ ಎಪಿಸೋಡುಗಳಿಗೆ ಮುಂಚೆ ಓದಿದರೆ ಸಾಕು. ಜಪಾನಿ ಧ್ವನಿಯಲ್ಲೇ ನೋಡಿ, ವಿಲಿಯಂಗೆ ಸೋಮಾ ಸೈತೋ ಕೊಟ್ಟಿರುವ ತಣ್ಣನೆಯ ದನಿ ಡಬ್ಬಿಂಗಿನಲ್ಲಿ ಸಿಗಲ್ಲ. 2022ರಲ್ಲಿ ಬಂದ ಎರಡು ಓವಿಎಗಳನ್ನು (ಸರಣಿಯ ಹೊರಗೆ ಪ್ರತ್ಯೇಕವಾಗಿ ಬಿಡುಗಡೆಯಾದ ಎಪಿಸೋಡುಗಳನ್ನು) ಆಮೇಲೆ ನೋಡಿದರೂ ನಡೆಯುತ್ತೆ. ಜಲಪಾತದ ಬದಲು ಇಲ್ಲಿ ಏನಿದೆ ಅಂತ ಮಾತ್ರ ಕಾಮೆಂಟಿನಲ್ಲಿ ಯಾರೂ ಬರೆಯಬೇಡಿ, ಪ್ರಶ್ನೆ ಕೇಳಿದವರು ಇನ್ನೂ ನೋಡಿಲ್ಲ.