ಫೋಟೋದಲ್ಲಿರುವವರು ನಿಮ್ಮ ಮುತ್ತಜ್ಜ ಅಲ್ಲದಿರಬಹುದು

ಪ್ರಶ್ನೆ: ನಮ್ಮ ಮುತ್ತಜ್ಜ ಮೈಸೂರಿನಲ್ಲಿ ಅರಮನೆ ಕೆಲಸದಲ್ಲಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಅಜ್ಜಿ ಈಗಿಲ್ಲ, ಅಜ್ಜನನ್ನಂತೂ ನಾವು ನೋಡಿಯೇ ಇಲ್ಲ. ಉಳಿದಿರುವುದು ಒಂದು ಫೋಟೋ, ಒಂದು ಹಳೇ ಪಂಚಾಂಗ. ಫೋಟೋದಲ್ಲಿ ಪೇಟ, ಉದ್ದ ಕೋಟು ತೊಟ್ಟವರೊಬ್ಬರು ನಿಂತಿದ್ದಾರೆ, ಹಿಂದೆ ಗಡಿಯಾರದ ಗೋಪುರ ಇದೆ. ಇವರೇ ಮುತ್ತಜ್ಜ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೇವೆ. ಪಂಚಾಂಗದ ರಟ್ಟಿನ ಒಳಗಡೆ ಅಜ್ಜನ ಅಕ್ಷರದಲ್ಲಿ ‘ಕಾಳಯುಕ್ತಿ ಸಂವತ್ಸರ ಆಶ್ವಯುಜ ಬಹುಳ ದಶಮಿ, ತೀರ್ಥರೂಪರು ದೈವಾಧೀನರಾದರು’ ಅಂತ ಇದೆ. ಮುಂದೆ ಎಲ್ಲಿ ಹುಡುಕಬೇಕು? ಫೋಟೋ ಗಾಜಿಗೆ ಅಂಟಿಕೊಂಡಿದೆ, ಬಿಡಿಸಬಹುದೇ?
(ಓದುಗರು, ಶಿವಮೊಗ್ಗ)

ಉತ್ತರ: ಮೊದಲು ಗಾಜಿನ ವಿಷಯ. ದಯವಿಟ್ಟು ಬಿಡಿಸಬೇಡಿ. ಹಳೇ ಫೋಟೋಗಳ ಮೇಲ್ಪದರ ಜೆಲಟಿನ್‌ನದು, ತೇವ ತಾಗಿದರೆ ಅದು ಗಾಜಿಗೆ ಹಿಡಿದುಕೊಳ್ಳುತ್ತದೆ, ಎಳೆದರೆ ಮುಖವೇ ಕಿತ್ತು ಗಾಜಿನ ಮೇಲೆ ಉಳಿಯುತ್ತದೆ. ನೀರು, ಸ್ಪಿರಿಟ್ ಏನೂ ಬೇಡ. ಗಾಜಿನ ಸಮೇತ ಕಿಟಕಿ ಹತ್ತಿರ ಇಟ್ಟು, ಬೆಳಕು ಪಕ್ಕದಿಂದ ಬೀಳುವ ಹಾಗೆ ಮಾಡಿ, ಫ್ಲ್ಯಾಶ್ ಇಲ್ಲದೆ ಮೊಬೈಲ್‌ನಲ್ಲಿ ತೆಗೆಯಿರಿ. ನಿಮ್ಮ ಹಿಂದೆ ಯಾರಾದರೂ ಕಪ್ಪು ಬಟ್ಟೆ ಹಿಡಿದು ನಿಂತರೆ ಗಾಜಿನಲ್ಲಿ ಪ್ರತಿಬಿಂಬ ಕಾಣುವುದಿಲ್ಲ.

ನೀವು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೈಸೂರಿನಲ್ಲಿ ಇಂಥ ಹಳೇ ಗೋಪುರ ಎರಡಿವೆ. ದೇವರಾಜ ಮಾರುಕಟ್ಟೆ ಬಳಿಯ ಚಿಕ್ಕ ಗಡಿಯಾರ 1886ರದು, ಗಿಡ್ಡ, ಕೆಳಗೆ ಕಂಬಗಳಿವೆ. ಪುರಭವನದ ಪಕ್ಕದ ದೊಡ್ಡ ಗಡಿಯಾರ ನಾಲ್ಕು ಮೂಲೆಯ ಎತ್ತರದ ಗೋಪುರ, ಮೇಲೆ ಗುಮ್ಮಟ, ಅಂಕಿಗಳು ಕನ್ನಡದಲ್ಲಿ. ನಿಮ್ಮ ಚಿತ್ರದಲ್ಲಿ ಆ ಹಿರಿಯರ ಪೇಟದ ಬಲಕ್ಕೆ, ಮಸುಕಾಗಿದ್ದರೂ, ‘೧೨’ ಅಂತ ಓದಲು ಬರುತ್ತದೆ, ಗೋಪುರವೂ ಎತ್ತರದ್ದೇ. ಅಂದರೆ ಇದು ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅದನ್ನು ಕಟ್ಟಿದ್ದು 1927ರಲ್ಲಿ.

ಈಗ ಪಂಚಾಂಗಕ್ಕೆ ಬನ್ನಿ. ಅಜ್ಜ ‘ತೀರ್ಥರೂಪರು’ ಅಂದಿರುವುದು ತಮ್ಮ ತಂದೆಯನ್ನು, ಅಂದರೆ ನಿಮ್ಮ ಮುತ್ತಜ್ಜನನ್ನು. ಕಾಳಯುಕ್ತಿ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1858, 1918, 1978. ನಿಮ್ಮ ಮನೆಯ ತಲೆಮಾರುಗಳ ಲೆಕ್ಕಕ್ಕೆ ಕೂಡುವುದು 1918 ಮಾತ್ರ. ಆ ವರ್ಷದ ಆಶ್ವಯುಜ ಬಹುಳ ಅಂದರೆ ಅಕ್ಟೋಬರ್ ಕೊನೆಯ ದಿನಗಳು, ಇನ್‌ಫ್ಲುಯೆಂಜಾ ಮೈಸೂರು ಸೀಮೆಯಲ್ಲಿ ಮನೆಮನೆಗೂ ಹೊಕ್ಕಿದ್ದ ಕಾಲ. ಅವರೂ ಅದರಲ್ಲೇ ಹೋದರು ಅಂತ ಈಗಲೇ ಹೇಳಲಾಗದು, ಆದರೆ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಾಗಾದರೆ 1918ರಲ್ಲಿ ತೀರಿಕೊಂಡವರು 1927ರ ಗೋಪುರದ ಮುಂದೆ ನಿಲ್ಲಲು ಸಾಧ್ಯವಿಲ್ಲ, ಅಲ್ವಾ? ಇಷ್ಟು ವರ್ಷ ಮುತ್ತಜ್ಜ ಅಂತ ಕೈಮುಗಿದ ಫೋಟೋ ಅದು. ಹೀಗೆ ಹೇಳುವಾಗ ನನಗೂ ಕಷ್ಟವಾಗುತ್ತದೆ. ಆದರೆ ಅದು ನಿಮ್ಮ ಅಜ್ಜನದೇ ಇರಬಹುದು. ನೀವು ನೋಡಿಯೇ ಇಲ್ಲ ಅಂದಿರಲ್ಲ, ಆ ಅಜ್ಜ! ಇನ್ನೊಂದು ಮಾತು, ಆ ಗೋಪುರ ಕಟ್ಟಲು ಹಣ ಹಾಕಿದ್ದು ಅರಮನೆಯ ನೌಕರರು. ತಂದೆಯ ಕೆಲಸ ಮಗನಿಗೆ ಬಂದಿದ್ದರೆ, ಅವರು ಅಲ್ಲೇ ನಿಂತು ಫೋಟೋ ತೆಗೆಸಿಕೊಂಡಿದ್ದಕ್ಕೆ ಒಂದು ಅರ್ಥ ಇದೆ. ಇದು ನನ್ನ ಊಹೆ ಅಷ್ಟೇ.

ಹುಡುಕುವುದಕ್ಕೆ ಶುರು ಮಾಡುವವರೆಲ್ಲ ಹೆಸರು ಹಿಡಿದು ಹೊರಡುತ್ತಾರೆ. ನಾನು ಮನೆ ಹಿಡಿದು ಹೊರಡಿ ಅಂತೀನಿ. ಒಂದೇ ಹೆಸರಿನವರು ಊರಲ್ಲಿ ನೂರು ಜನ ಇರುತ್ತಾರೆ, ಇಂಗ್ಲಿಷ್ ಕಡತದಲ್ಲಿ ಸುಬ್ಬಯ್ಯ ಅನ್ನುವ ಒಂದು ಹೆಸರನ್ನೇ ನಾಲ್ಕೈದು ಥರ ಬರೆದಿರುತ್ತಾರೆ, ಇನಿಷಿಯಲ್ ಒಂದು ಕಡೆ ಊರಿನದು, ಇನ್ನೊಂದು ಕಡೆ ತಂದೆಯದು. ಮನೆ ಹಾಗಲ್ಲ, ಇದ್ದಲ್ಲೇ ಇರುತ್ತದೆ. ಮೈಸೂರಿನಲ್ಲಿ ಯಾವ ಮೊಹಲ್ಲಾ, ಯಾವ ಅಗ್ರಹಾರ, ಯಾವ ಬೀದಿ ಅಂತ ದೊಡ್ಡಪ್ಪ, ಸೋದರತ್ತೆ, ದೂರದ ನೆಂಟರು ಎಲ್ಲರನ್ನೂ ಕೇಳಿ. ಹಳೇ ಲಗ್ನಪತ್ರಿಕೆ ಸಿಕ್ಕರೆ ಅದರಲ್ಲಿ ವಿಳಾಸ ಇರುತ್ತದೆ. ಲಕ್ಷ್ಮೀಪುರಂ, ಚಾಮರಾಜಪುರಂ ಥರದ ಬಡಾವಣೆ ಅಂತ ಗೊತ್ತಾದರೆ 1903ರಲ್ಲಿ ಶುರುವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯ ನಿವೇಶನದ ದಾಖಲೆಗಳನ್ನೂ ಕೇಳಬಹುದು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಗುವ ತನಕ ಬಡಾವಣೆಗಳ ಕೆಲಸ ಆ ಮಂಡಳಿಯದೇ.

ಬೀದಿ ಗೊತ್ತಾದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ 2004ರಿಂದ ಈಚಿನದು ಸಿಗುತ್ತದೆ, ನಿಮಗೆ ಬೇಕಾದದ್ದು ಕೈಬರಹದ ಪುಸ್ತಕ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ ಮೊದಲನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಸೂಚಿ ಒಂದು ಹೆಸರಿನ ಮೇಲೆ, ಸೂಚಿ ಎರಡು ಆಸ್ತಿಯ ಮೇಲೆ. ನೀವು ಎರಡನೆಯದನ್ನು ಕೇಳಿ. ಕ್ರಯಪತ್ರ ಸಿಕ್ಕರೆ ನಿಧಾನವಾಗಿ ಓದಿ. ‘ಇಂಥವರ ಮಗ ಇಂಥವರು’ ಅನ್ನುವ ಒಂದೇ ಸಾಲಿನಲ್ಲಿ ಎರಡು ತಲೆಮಾರು ಬಂದಿರುತ್ತದೆ. ಆಮೇಲೆ ಚೆಕ್ಕುಬಂದಿ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಯಾರ ಹಿತ್ತಿಲು. ಬಹಳ ಜನ ಇದನ್ನು ಸುಮ್ನೆ ದಾಟಿಬಿಡುತ್ತಾರೆ. ನನಗೆ ಪತ್ರದಲ್ಲಿ ಇದಕ್ಕಿಂತ ಇಷ್ಟವಾದ ಭಾಗ ಇನ್ನೊಂದಿಲ್ಲ. ಆ ಪಕ್ಕದ ಮನೆಯವರ ಮೊಮ್ಮಕ್ಕಳು ಇಂದಿಗೂ ಅದೇ ಬೀದಿಯಲ್ಲಿರಬಹುದು, ಅವರ ಆಲ್ಬಮ್‌ನಲ್ಲಿ ನಿಮ್ಮ ಮನೆಯ ಜಗುಲಿ ಇರಬಹುದು. ಕೊನೆಯಲ್ಲಿರುವ ಸಾಕ್ಷಿಗಳ ಹೆಸರು, ಬಿಕ್ಕಲಂ ಅಂತ ಪತ್ರ ಬರೆದವರ ಹೆಸರು ಕೂಡ ಗುರುತು ಹಾಕಿಕೊಳ್ಳಿ. ಸಾಕ್ಷಿ ಹಾಕಿದವರು ಎಷ್ಟೋ ಸಲ ಭಾವನೋ, ಷಡ್ಡಕನೋ ಆಗಿರುತ್ತಾರೆ.

ಇನ್ನು ಅರಮನೆ ಕೆಲಸ. ಇಲ್ಲಿ ಎಚ್ಚರ ಬೇಕು. ಮಹಾರಾಜರ ಮನೆತನದ ಊಳಿಗ ಬೇರೆ, ದಿವಾನರ ಕೈಕೆಳಗಿನ ಸರ್ಕಾರಿ ನೌಕರಿ ಬೇರೆ. ಮನೆಗಳಲ್ಲಿ ಎರಡಕ್ಕೂ ‘ಅರಮನೆ ಕೆಲಸ’ ಅಂತಲೇ ಹೇಳುವ ರೂಢಿ ಇತ್ತು. ಸರ್ಕಾರಿ ಅಧಿಕಾರಿಯಾಗಿದ್ದರೆ ನೇಮಕ, ವರ್ಗಾವಣೆ, ರಜೆ ಮೈಸೂರು ಗೆಜೆಟ್‌ನಲ್ಲಿ ಬಂದಿರಬಹುದು. ಕೆಳಗಿನ ಹುದ್ದೆಯಾಗಿದ್ದರೆ ಅಲ್ಲಿ ಸಿಗುವುದು ಕಷ್ಟ. ಕಡತಗಳಿಗೆ ರಾಜ್ಯ ಪತ್ರಾಗಾರ ನೋಡಬೇಕು, ಮುಖ್ಯ ಕಚೇರಿ ಬೆಂಗಳೂರಿನ ವಿಕಾಸಸೌಧದಲ್ಲಿದೆ, ಮೈಸೂರಿನಲ್ಲೂ ವಿಭಾಗೀಯ ಕಚೇರಿ ಇದೆ. ಮೊದಲು ಮೈಸೂರಿಗೇ ಹೋಗಿ. ಗುರುತಿನ ಚೀಟಿ, ಏನು ಬೇಕು ಅನ್ನುವ ಒಂದು ಪುಟದ ಪತ್ರ ಜೊತೆಗಿರಲಿ. ‘ನಮ್ಮ ಮುತ್ತಜ್ಜನ ಬಗ್ಗೆ ಏನಿದೆ’ ಅಂತ ಕೇಳಿದರೆ ಯಾರಿಗೂ ತೆಗೆದುಕೊಡಲು ಆಗುವುದಿಲ್ಲ. ‘1918 ಮತ್ತು 1919ರ ನೌಕರರ ಕುಟುಂಬದ ಅರ್ಜಿಗಳು’ ಅಂತ ಕೇಳಿ. ಕೆಲಸದಲ್ಲಿದ್ದಾಗಲೇ ಗಂಡ ಹೋದರೆ ಹೆಂಡತಿ ಸಹಾಯಕ್ಕೆ ಅರ್ಜಿ ಹಾಕುತ್ತಿದ್ದಳು, ಮಗನಿಗೆ ಕೆಲಸ ಕೊಡಿ ಅಂತಲೂ ಕೇಳುತ್ತಿದ್ದಳು. ಅಂಥ ಒಂದು ಹಾಳೆ ಸಿಕ್ಕರೆ ಮುತ್ತಜ್ಜಿಯ ಹೆಸರೂ ನಿಮಗೆ ಸಿಗುತ್ತದೆ.

ಪಾಲಿಕೆಯ ಜನನ ಮರಣ ವಿಭಾಗದಲ್ಲಿ 1918ರ ಮರಣದ ರಿಜಿಸ್ಟರ್ ಉಳಿದಿದೆಯೇ ಅಂತಲೂ ಒಮ್ಮೆ ವಿಚಾರಿಸಿ. ದಿನಾಂಕ ನಿಮ್ಮ ಕೈಯಲ್ಲೇ ಇರುವುದರಿಂದ ಹುಡುಕಾಟ ಕೆಲವೇ ಪುಟಗಳದು.

ಈ ವಾರ ಒಂದು ಕೆಲಸ ಮಾಡಿ. ಫ್ರೇಮಿನ ಹಿಂದಿನ ಮೊಳೆಗಳನ್ನು ಮೆಲ್ಲಗೆ ಸರಿಸಿ ರಟ್ಟು ಮಾತ್ರ ತೆಗೆಯಿರಿ, ಫೋಟೋ ಗಾಜಿಗೆ ಅಂಟಿದ ಹಾಗೇ ಇರಲಿ. ಬೆನ್ನಿನ ಮೇಲೆ ಸ್ಟುಡಿಯೋದ ಮುದ್ರೆ ಇರಬಹುದು, ಸೀಸದ ಕಡ್ಡಿಯಲ್ಲಿ ಒಂದು ನಂಬರೋ ಹೆಸರೋ ಇರಬಹುದು. ಒರೆಸಬೇಡಿ, ಹಾಗೇ ಚಿತ್ರ ತೆಗೆದು ಕಳಿಸಿ.